ಇಲ್ಲದವರನ್ನು ಎಣಿಸಿದ ಮೇಡಂ

ಎದುರು ಮನೆಯ ಮೇಡಂ ಅವರ ಎಡಗಣ್ಣು ಸ್ವಲ್ಪ ಹೊರಕ್ಕೆ ವಾಲಿತ್ತು. ಬಲಗಣ್ಣು ನಮ್ಮನ್ನು ನೋಡುತ್ತಿದ್ದರೆ ಎಡಗಣ್ಣು ನಮ್ಮ ಭುಜದ ಆಚೆ ನಿಂತ ಇನ್ಯಾರನ್ನೋ ನೋಡುತ್ತಿರುವಂತೆ ಕಾಣುತ್ತಿತ್ತು. ಹೊಸಬರು ಅವರೊಂದಿಗೆ ಮಾತನಾಡುವಾಗ ಒಮ್ಮೆಯಾದರೂ ಹಿಂದಕ್ಕೆ ತಿರುಗಿ ನೋಡುತ್ತಿದ್ದರು. ಅಲ್ಲಿ ಯಾರೂ ಇರುತ್ತಿರಲಿಲ್ಲ. ಮೇಡಂ ಅದಕ್ಕೆ ನಗುತ್ತಿದ್ದರು. ನಾನು ಅವರ ಎದುರಿಗೆ ವರ್ಷಗಟ್ಟಲೆ ಬಾಳಿದವಳು, ಅಭ್ಯಾಸವಾಗಿ ಹೋಗಿತ್ತು. ಆದರೂ ಕೊರೊನಾದ ಎರಡನೇ ಅಲೆಯ ಆ ಬೇಸಿಗೆಯಲ್ಲಿ ನಾನು ಕೂಡ ಹಿಂದಿರುಗಿ ನೋಡಿದ್ದುಂಟು.

ಅವರು ಕಾಲೇಜಿನಲ್ಲಿ ಸಂಖ್ಯಾಶಾಸ್ತ್ರ ಕಲಿಸಿ ನಿವೃತ್ತರಾದವರು. ಮದುವೆಯಾಗಿರಲಿಲ್ಲ. ನಾನು ಎಲೆಕ್ಟ್ರಾನಿಕ್ ಸಿಟಿಯ ಒಂದು ಕಾರ್ಖಾನೆಯ ಮಹಿಳಾ ಹಾಸ್ಟೆಲಿನಲ್ಲಿ ವಾರ್ಡನ್ ಆಗಿದ್ದವಳು. ಬೆಳಗಿನ ಗಂಟೆ, ಸ್ನಾನದ ಸರದಿ, ಊಟದ ಸಾಲು, ಸಂಜೆ ಬಾಗಿಲು ಹಾಕುವ ಮುಂಚೆ ಹಾಜರಿ. ನಿವೃತ್ತಿಯಾದ ಮೇಲೂ ನನ್ನ ದಿನ ಹಾಗೆಯೇ ನಡೆಯಿತು. ನಾನು ಗೇಟಿನ ಮುಂದೆ ನೀರು ಹಾಕುವಾಗ ಮೇಡಂ ಹಾಲಿನ ಪ್ಯಾಕೆಟ್ ತರಲು ಹೊರಡುತ್ತಿದ್ದರು. "ಏನ್ ವಾರ್ಡನ್ನಮ್ಮ, ಇವತ್ತು ಎಲ್ಲರೂ ಹಾಜರಾ?" ಎಂದು ಕೇಳುವುದು ಅವರ ವಾಡಿಕೆ. ಒಬ್ಬಂಟಿ ಮುದುಕಿಯನ್ನು ಹಾಗೆ ಕೇಳುವವರು ಬೇರೆ ಯಾರೂ ಇರಲಿಲ್ಲ.

ಅವರ ಬಾಯಲ್ಲಿ ಸದಾ ಇದ್ದ ಮಾತು ಒಂದೇ: "ಎಷ್ಟರಲ್ಲಿ ಎಷ್ಟು?" ತರಕಾರಿಯವನು "ಎಲ್ಲಾರೂ ಇದನ್ನೇ ತಗೊಂಡೋಗ್ತಾವ್ರೆ ಅಮ್ಮಾ" ಎಂದರೆ "ಎಷ್ಟರಲ್ಲಿ ಎಷ್ಟು ಜನ?" ಎನ್ನುತ್ತಿದ್ದರು. ಮಂಡಿನೋವಿಗೆ ಒಂದು ಎಣ್ಣೆ ಹಚ್ಚಿ ನನ್ನ ತಂಗಿಗೆ ಗುಣವಾಯಿತು ಎಂದು ನಾನು ಹೇಳಿದಾಗಲೂ ಅದೇ ಪ್ರಶ್ನೆ. "ಒಬ್ಬಳೇ ತಂಗಿ, ಒಂದೇ ಮಂಡಿ" ಎಂದೆ ಸಿಟ್ಟಿನಿಂದ. "ಹಾಗಾದ್ರೆ ಇನ್ನೊಂದು ಮಂಡಿಗೆ ಹಚ್ಚದೆ ನೋಡ್ಬೇಕಿತ್ತು" ಎಂದರು. ಆಮೇಲೆ ಆ ಎಣ್ಣೆಯನ್ನೇ ಕೇಳಿ ಪಡೆದು ತಾವೂ ಹಚ್ಚಿಕೊಂಡರು.

ನಮ್ಮ ಬಡಾವಣೆ ಬೇಗೂರಿನ ಕಡೆಯಿಂದ ಎಲೆಕ್ಟ್ರಾನಿಕ್ ಸಿಟಿಗೆ ಹೋಗುವ ದಾರಿಯಲ್ಲಿದೆ. ಅದಕ್ಕೆ ಎರಡು ಗೇಟು. ಮುಂದಿನದು ಮುಖ್ಯರಸ್ತೆಗೆ. ಹಿಂದಿನದರ ಆಚೆಗೆ ಸಾಲು ರೂಮುಗಳ ಒಂದು ವಠಾರ. ಈ ಊರಿನ ಹಳೇ ರೈತ ಮನೆತನದವರೊಬ್ಬರು ತಮ್ಮ ಹೊಲದಲ್ಲಿ ಕಟ್ಟಿಸಿ ಬಾಡಿಗೆಗೆ ಬಿಟ್ಟದ್ದು. ಅಲ್ಲಿದ್ದವರು ಯಾದಗಿರಿ, ರಾಯಚೂರು ಕಡೆಯ ಗಾರೆ ಕೆಲಸದವರು, ಕಾರ್ಖಾನೆಗಳಲ್ಲಿ ಕಸ ಗುಡಿಸುವವರು. ನಮ್ಮ ಹಿಂದಿನ ಗೇಟಿನಿಂದ ಒಳಬಂದು ಮುಂದಿನ ಗೇಟಿನಿಂದ ಹೊರಬಿದ್ದರೆ ಅವರಿಗೆ ಬಸ್ಸು, ಅಂಗಡಿ, ಸರ್ಕಾರಿ ಆಸ್ಪತ್ರೆ ಎಲ್ಲವೂ ಹತ್ತಿರ. ಆ ಗೇಟು ಮುಚ್ಚಿದರೆ ರಾಜಕಾಲುವೆಯ ಪಕ್ಕದ ಕೆಸರುದಾರಿಯಲ್ಲಿ ಸುತ್ತಿ, ವಿದ್ಯುತ್ ಚಿತಾಗಾರದ ಮುಂದಿನಿಂದಲೇ ಹೋಗಬೇಕು. ಉಸಿರು ಸಿಕ್ಕದವರನ್ನು ಆ ದಾರಿಯಲ್ಲಿ ಹೊತ್ತೊಯ್ಯುವುದು ಆಗದ ಮಾತು.

ಎರಡನೇ ಅಲೆ ಬಂದಾಗ ಆ ಚಿತಾಗಾರದ ಮುಂದೆ ಆಂಬುಲೆನ್ಸುಗಳ ಸಾಲು ಬೆಳೆಯಿತು. ನಮ್ಮ ಬಡಾವಣೆಯ ಕಾಂಪೌಂಡಿನ ಉದ್ದಕ್ಕೂ ಅವು ನಿಂತಿರುತ್ತಿದ್ದವು. ಅವುಗಳಿಗೆ ಸೈರನ್ ಇರಲಿಲ್ಲ. ಒಳಗಿದ್ದವರಿಗೆ ಇನ್ನು ಅವಸರವಿರಲಿಲ್ಲವಲ್ಲ. ಎಂಜಿನ್ ಮಾತ್ರ ಗುರುಗುಟ್ಟುತ್ತಿತ್ತು, ಚಾಲಕರು ಸ್ಟೀರಿಂಗ್ ಮೇಲೆ ತಲೆಯಿಟ್ಟು ನಿದ್ದೆ ಮಾಡುತ್ತಿದ್ದರು. ಹಗಲು ಹೊತ್ತಿನಲ್ಲೇ ರಸ್ತೆ ಬಿಕೋ ಎನ್ನುತ್ತಿತ್ತು. ಒಣಹಾಕಿದ ಬಿಳಿ ಸೀರೆಯ ಮೇಲೆ ಬೂದಿಯ ಕಣಗಳು ಕೂರುತ್ತಿದ್ದವು. ಕೊಡವಿದರೆ ಮಸಿಯ ಗೆರೆ ಎಳೆಯುತ್ತಿತ್ತು. ಕೊಡವದೆ ಹಾಗೇ ಊದಬೇಕು ಎಂದು ನಾನು ಕಲಿತೆ. ಯಾರದ್ದೆಂದು ಗೊತ್ತಿಲ್ಲದ ಒಬ್ಬರನ್ನು ದಿನವೂ ಸೀರೆಯಿಂದ ಊದಿ ಕಳಿಸುತ್ತಿದ್ದೆ.

ಆಗಲೇ ಒಂದು ಪತ್ರಿಕೆಯಲ್ಲಿ ಯಾವ ಯಾವ ಚಿತಾಗಾರದಲ್ಲಿ ಎಷ್ಟೆಷ್ಟು ದಹನ ಎಂಬ ಪಟ್ಟಿ ಬಂತು. ನಮ್ಮ ಊರಿನ ಹೆಸರು ಮೇಲ್ಗಡೆಯೇ ಇತ್ತು. ಬಡಾವಣೆಯ ಸಂಘದ ಅಧ್ಯಕ್ಷರು ಅದರ ಫೋಟೋವನ್ನು ಎಲ್ಲರ ಫೋನಿಗೆ ಕಳಿಸಿ, 'ನಗರದಲ್ಲಿ ಅತಿ ಹೆಚ್ಚು ಸಾವು ನಮ್ಮಲ್ಲೇ' ಎಂದು ಬರೆದರು. ಅದೇ ದಿನ ಮಧ್ಯಾಹ್ನ ಹಿಂದಿನ ಗೇಟಿಗೆ ಸರಪಳಿ ಬಿಗಿದು ಬೀಗ ಜಡಿದರು. ಸೋಂಕು ವಠಾರದಿಂದಲೇ ಬರುತ್ತಿದೆ ಎಂಬುದು ಅವರ ನಂಬಿಕೆ. ಅವರು ಕೆಟ್ಟವರಲ್ಲ. ಅವರ ಹೆಂಡತಿಗೆ ವಾರಕ್ಕೆರಡು ಸಲ ಡಯಾಲಿಸಿಸ್ ಆಗಬೇಕಿತ್ತು. ಆಕೆಗೆ ಸೋಂಕು ತಗುಲಿದರೆ ಮುಂದೇನು ಎಂಬ ಹೆದರಿಕೆ ಅವರನ್ನು ತಿನ್ನುತ್ತಿತ್ತು.

ಮೇಡಂ ಆ ಫೋಟೋ ನೋಡಿದವರೇ ನಮ್ಮ ಮನೆಯ ಗೇಟಿನ ಮುಂದೆ ಬಂದು ನಿಂತರು. ಎರಡು ಮಾಸ್ಕಿನ ಹಿಂದಿನಿಂದ ಅವರ ದನಿ ದೂರದಿಂದ ಬಂದಂತಿತ್ತು.

"ವಾರ್ಡನ್ನಮ್ಮ, ಇದು ನಮ್ಮಲ್ಲಿ ಸತ್ತೋರ ಸಂಖ್ಯೆ ಅಲ್ಲ. ಸತ್ತು ನಮ್ಮಲ್ಲಿಗೆ ಬಂದೋರದ್ದು. ಮಲ್ಲೇಶ್ವರದೋರು, ಜಯನಗರದೋರು, ಎಲ್ಲೆಲ್ಲಿಯೋರೋ. ಅವರೆಲ್ಲ ಇದ್ದಕ್ಕಿದ್ದ ಹಾಗೆ ನಮ್ಮೂರೋರಾಗ್ಬಿಟ್ಟಿದ್ದಾರೆ."

ಬದುಕಿದ್ದಾಗ ಈ ಕಡೆ ಒಮ್ಮೆಯೂ ಬರದಿದ್ದವರು ಸತ್ತ ಮೇಲೆ ಬಂದು, ಪತ್ರಿಕೆಯಲ್ಲಿ ನಮ್ಮ ನೆರೆಹೊರೆಯವರಾಗಿ ಕೂತಿದ್ದರು.

"ಹಾಗಾದ್ರೆ ನಮ್ಮಲ್ಲಿ ಸತ್ತೋರು ಎಷ್ಟು?" ಎಂದೆ.

"ಅದನ್ನ ನಾವೇ ಎಣಿಸ್ಬೇಕು. ನಿಮ್ಮ ಕೈಲಿ ಹಾಜರಿ ತಗೊಳೋಕೆ ಬರುತ್ತಲ್ಲ?"

ಅವರ ಎಣಿಕೆಯ ಕ್ರಮ ವಿಚಿತ್ರವಾಗಿತ್ತು. ಕಾಯಿಲೆಯ ಹೆಸರು ಎತ್ತಲೇಬಾರದು. ಸತ್ತರಾ ಎಂದು ಕೇಳಲೇಬಾರದು. ಕೇಳಿದರೆ ಜನ ಮುಚ್ಚಿಡುತ್ತಾರೆ, ಹಾರ್ಟ್ ಅಟ್ಯಾಕ್ ಎನ್ನುತ್ತಾರೆ, ಫೋನ್ ಇಡುತ್ತಾರೆ. ಪ್ರತಿ ಮನೆಗೂ ಫೋನ್ ಮಾಡಿ ಕುಶಲ ಮಾತನಾಡಿ, ಹೋದ ವರ್ಷದ ಯುಗಾದಿಗೆ ಮನೆಯಲ್ಲಿ ಬೇವುಬೆಲ್ಲ ತಿಂದವರು ಯಾರ್ಯಾರು ಎಂದು ಕೇಳಬೇಕು. ಆಮೇಲೆ, ಇವತ್ತು ಮಧ್ಯಾಹ್ನ ಊಟಕ್ಕೆ ಕೂರುವವರು ಯಾರ್ಯಾರು ಎಂದು ಕೇಳಬೇಕು. ಸಾಬರ ಮನೆಯಾದರೆ ರಂಜಾನ್, ಕ್ರೈಸ್ತರಾದರೆ ಕ್ರಿಸ್‌ಮಸ್. ಎರಡು ಉತ್ತರದ ನಡುವೆ ಯಾರು ಕಾಣುವುದಿಲ್ಲವೋ ಅವರು ಎಲ್ಲಿ ಎಂದು ಮೆಲ್ಲಗೆ ವಿಚಾರಿಸಬೇಕು. ಹಬ್ಬದ ಎಲೆಯ ಮುಂದೆ ಕೂತವರನ್ನು ಯಾರೂ ಮರೆಯುವುದಿಲ್ಲ, ಅದರಲ್ಲಿ ಸುಳ್ಳು ಹೇಳುವುದಕ್ಕೂ ಯಾರಿಗೂ ತೋಚುವುದಿಲ್ಲ ಎನ್ನುತ್ತಿದ್ದರು.

ಹಾಸ್ಟೆಲಿನಲ್ಲಿ ಇದ್ದವರನ್ನು ಎಣಿಸುವುದು ನನ್ನ ಕೆಲಸವಾಗಿತ್ತು. ಇಲ್ಲದವರನ್ನು ಎಣಿಸುವುದು ಬೇರೆಯೇ. ಉತ್ತರ ಬರದ ಹೆಸರಿಗೂ ಉತ್ತರ ಬರಲಿ ಎಂದೇ ಕಿವಿಯೊಡ್ಡಿ ಕಾಯುತ್ತೇವೆ. ಕಾಯುವಾಗ ಫೋನಿನ ಆ ತುದಿಯಲ್ಲಿ ಗಡಿಯಾರದ ಸದ್ದು ಕೇಳುತ್ತದೆ.

ಒಂದು ಮನೆಯ ಫೋನು ನನ್ನ ಪಾಲಿಗೆ ಬಂದಿತ್ತು. ಆ ಮನೆಯ ಯಜಮಾನರನ್ನು ಆಂಬುಲೆನ್ಸಿಗೆ ಏರಿಸಿದ್ದನ್ನೂ, ಅವರು ಮರಳಿ ಬರಲಿಲ್ಲವೆಂಬ ಸುದ್ದಿಯನ್ನೂ ನಾನು ಬಲ್ಲೆ. ಅವರ ಹೆಂಡತಿ ಫೋನ್ ಎತ್ತಿದರು. ಯುಗಾದಿಗೆ ಮೂವರು ಎಂದರು: ತಾವು, ಯಜಮಾನರು, ಮಗಳು. ಇವತ್ತು ಊಟಕ್ಕೆ?

"ಮೂರು ಜನಾನೇ" ಎಂದರು.

ನಾನು ಫೋನ್ ಇಟ್ಟೆ. ಮೇಡಂಗೆ ತಿಳಿಸಿದೆ. ಅವರು ತಾವೇ ಫೋನ್ ಮಾಡಿ, ನನಗೂ ಕೇಳಿಸುವಂತೆ ಇಟ್ಟರು.

"ಊಟ ಆಯ್ತೇನಮ್ಮ?"

"ನಮ್ಮದಾಯ್ತು ಮೇಡಂ. ಇವರದ್ದಾಗಿಲ್ಲ. ಇನ್ನೂ ಎದ್ದಿಲ್ಲ. ಮೂರು ಸಲ ಕೂಗಿದೆ."

"ಮಲಗ್ಲಿ ಬಿಡಿ. ನೀವು ಹೊತ್ತಿಗೆ ಸರಿಯಾಗಿ ತಿನ್ನಿ" ಎಂದು ಮೇಡಂ ಫೋನ್ ಇಟ್ಟರು. ಆಮೇಲೆ, "ನಾವು ಎರಡು ಅಂತ ಹಿಡಿಯೋಣ. ಆದ್ರೆ ಅವರಿಗೆ ಮೂರೇ ಇರ್ಲಿ. ನಮ್ಮ ಲೆಕ್ಕಾನ ಅವರ ಮೇಲೆ ಹೇರೋದು ಬೇಡ" ಎಂದರು. ಅವರ ಮಗಳಿಗೆ ಬೇರೆಯಾಗಿ ಫೋನ್ ಮಾಡಿ, ತಾಯಿಯನ್ನು ಯಾರಿಗೆ ತೋರಿಸಬೇಕೆಂದು ತಿಳಿಸಿದ್ದೂ ಅವರೇ.

ಇನ್ನೊಂದು ದಿನ ಅವರು ಹೇಳಿದ ಮಾತು ಇವತ್ತಿಗೂ ನನ್ನ ಮೈ ಜುಮ್ಮೆನ್ನಿಸುತ್ತದೆ. ಕಾಯಿಲೆ ಇರಲಿ ಬಿಡಲಿ, ಯಾವ ವರ್ಷವಾದರೂ ಒಂದಷ್ಟು ಜನ ಹೋಗಿಯೇ ಹೋಗುತ್ತಾರೆ. ಒಟ್ಟು ಸಾವಿನಿಂದ ಮೊದಲು ಅವರನ್ನು ಕಳೆಯಬೇಕು, ಮಿಕ್ಕಿದ್ದು ಈ ಕಾಯಿಲೆಯ ಪಾಲು ಎಂದು ವಿವರಿಸುತ್ತಿದ್ದರು.

"ಈ ವರ್ಷ ಹೇಗಿದ್ರೂ ಹೋಗೋರು ಯಾರು ಅಂತ ಹೇಗೆ ಗೊತ್ತಾಗುತ್ತೆ?"

"ಗೊತ್ತಾಗಲ್ಲ. ಅವರಿಗೂ ಗೊತ್ತಿಲ್ಲ. ಹಾಲು ತರ್ತಿರ್ತಾರೆ, ಬೆಂಡೆಕಾಯಿ ಮುರಿದು ನೋಡ್ತಿರ್ತಾರೆ. ಎಷ್ಟು ಜನ ಅಂತ ಹೇಳ್ಬಹುದು, ಯಾರು ಅಂತ ಹೇಳೋಕಾಗಲ್ಲ."

ಇಷ್ಟು ಹೇಳಿ ಅವರು ನನ್ನನ್ನು ನೋಡಿದರು. ಒಂದು ಕಣ್ಣು ನನ್ನ ಮೇಲಿತ್ತು. ನಾನು ಹಿಂದಿರುಗಿ ನೋಡಿದ್ದು ಆಗಲೇ.

ವಠಾರದ ಎಣಿಕೆಗೆ ನಮಗೆ ಒಬ್ಬಾಕೆ ನೆರವಾದಳು. ಯಾದಗಿರಿ ಕಡೆಯವಳು, ಕಂಪನಿಯೊಂದರಲ್ಲಿ ನೆಲ ಒರೆಸುವ ಕೆಲಸ. ಗಂಡ ಗಾರೆ ಮೇಸ್ತ್ರಿ, ಅವನಿಗೆ ಹಳೇ ಉಬ್ಬಸ. ಗೇಟಿಗೆ ಬೀಗ ಬಿದ್ದಂದಿನಿಂದ ಆಕೆಗೆ ಅದೇ ಚಿಂತೆ. ಮುಚ್ಚಿದ ಗೇಟಿನ ಸರಳುಗಳ ಆಚೆ ನಿಂತು ಉತ್ತರ ಒಪ್ಪಿಸುತ್ತಿದ್ದಳು.

"ಸತ್ತವ್ರು ಯಾರೂ ಇಲ್ರೀ ಅವ್ವಾರ. ಆದ್ರ ಅರ್ಧ ರೂಮಿಗಿ ಕೀಲಿ ಬಿದ್ದಾವ್ರೀ. ಮಂದಿ ಊರಿಗಿ ಹೋಗ್ಯಾರ. ಅಲ್ಲಿ ಏನಾಗ್ಯಾದೋ ಯಾರಿಗಿ ಗೊತ್ತು? ಫೋನ್ ಹಚ್ಚಿದ್ರ ಎತ್ತಂಗಿಲ್ಲ."

ಸಂಘದ ಸಭೆ ಫೋನಿನ ಪರದೆಯ ಮೇಲೆ ನಡೆಯಿತು. ಪ್ರತಿ ಮನೆಗೂ ಒಂದೊಂದು ಚೌಕ. ಮೇಡಂ ಚೌಕದಲ್ಲಿ ಅವರ ಮುಖ ಬರುತ್ತಿರಲಿಲ್ಲ. ತಾರಸಿಯಲ್ಲಿ ನಗುತ್ತಾ ನಿಂತ ಹಳೆಯ ಫೋಟೋ, ಅದರ ಕೆಳಗೆ ಅವರ ಹೆಸರು. ಆ ಫೋಟೋದೊಳಗಿನಿಂದ ಅವರು ಶಾಂತವಾಗಿ ಹೇಳಿದರು: ಪತ್ರಿಕೆಯ ಸಂಖ್ಯೆ ಬೇರೆ ಬೇರೆ ಕಡೆಯಿಂದ ಇಲ್ಲಿಗೆ ಬಂದ ಶವಗಳದ್ದು. ಬಡಾವಣೆ, ವಠಾರ ಎರಡೂ ಸೇರಿ ನಮ್ಮಲ್ಲಿ ಸತ್ತವರು ಕೈಬೆರಳೆಣಿಕೆ ಮೀರುವುದಿಲ್ಲ. ಅವರೆಲ್ಲರೂ ಬಡಾವಣೆಯ ಮನೆಗಳವರು. ವಠಾರದಲ್ಲಿ ಒಬ್ಬರೂ ಇಲ್ಲ.

ಕಂಪನಿ ಕೆಲಸದ ಯುವಕನೊಬ್ಬ ಥಟ್ಟನೆ ಬಾಯಿ ಹಾಕಿದ. "ನಾನ್ ಹೇಳ್ಲಿಲ್ವಾ ಗುರು? ಎಲ್ಲಾ ಬರೀ ಬಿಲ್ಡಪ್. ವಠಾರದಲ್ಲಿ ಮಾಸ್ಕೂ ಇಲ್ಲ, ಏನೂ ಇಲ್ಲ, ಸಾವು ಸೊನ್ನೆ. ನಮ್ಗ್ಯಾಕೆ ಈ ಮಾಸ್ಕು, ಲಾಕ್‌ಡೌನು?"

"ಆ ಸೊನ್ನೆ ಆರೋಗ್ಯದ್ದಲ್ಲಪ್ಪ, ಖಾಲಿ ರೂಮುಗಳದ್ದು" ಎಂದರು ಮೇಡಂ. "ಅಲ್ಲಿದ್ದೋರು ಊರಿಗೆ ಹೋದ್ರು. ಸತ್ರೆ ಅಲ್ಲಿ ಸಾಯ್ತಾರೆ, ಇಲ್ಲಿ ಎಣಿಕೆಗೆ ಬರಲ್ಲ. ಉಳಿದೋರು ಗಟ್ಟಿ ವಯಸ್ಸಿನೋರು. ನಮ್ಮಲ್ಲಿ ಬರೀ ಮುದುಕರು. ಎರಡನ್ನೂ ಪಕ್ಕಪಕ್ಕ ಇಟ್ಟು ತೂಗೋಕಾಗಲ್ಲ. ನೀನು ಮಾಸ್ಕ್ ಹಾಕ್ಕೋ."

"ಹಾಗಾದ್ರೆ ನೀವು ಯಾರ ಕಡೆ ಮೇಡಂ?" ಎಂದ ಅವನು.

ಅಧ್ಯಕ್ಷರು ನಡುವೆ ಬಂದರು. "ಸೋಂಕು ಆ ಗೇಟಿಂದ ಬರಲ್ಲ ಅಂತ ನೀವು ಗ್ಯಾರಂಟಿ ಕೊಡ್ತೀರಾ?"

"ಕೊಡಲ್ಲ. ಬರಬಹುದು. ಮುಂದಿನ ಗೇಟಿಂದಾನೂ ಬರಬಹುದು, ಅಲ್ಲಿಂದ ದಿನಾ ಪಾರ್ಸಲ್ ಹುಡುಗರು ಬರ್ತಾರೆ. ಆದ್ರೆ ಹಿಂದಿನ ಗೇಟು ಮುಚ್ಚಿದ್ರೆ ಆ ಕಡೆ ಉಸಿರು ಕಟ್ಟಿದೋರು ಆಸ್ಪತ್ರೆಗೆ ಹೋಗೋಕಾಗಲ್ಲ. ಇದು ಮಾತ್ರ ಗ್ಯಾರಂಟಿ."

ಬಡಾವಣೆಯಲ್ಲೂ ಒಂದು ಮನೆಯಿದ್ದ ವಠಾರದ ಓನರು ತಮ್ಮ ಚೌಕದಿಂದ ಕೂಗಿದರು: "ಮೇಡಂ ಯೋಳೋದು ಸರಿಯಾಗೈತೆ ಸಾಮಿ! ಗೇಟ್ ತೆಗೀರಿ!"

"ನಿಮ್ಗೆ ಬಾಡಿಗೆ ಚಿಂತೆ ಓನರೇ" ಎಂದರು ಯಾರೋ.

"ಊಂ ಕಣಪ್ಪ, ಐತೆ. ಅದ್ಕೇ ಇಂಗ್ ಕೂಗ್ತಾ ಇರೋದು. ಸುಳ್ ಯಾಕೇಳ್ಲಿ?" ಎಂದರು. ಆ ದಿನಗಳಲ್ಲಿ ನಾವೆಲ್ಲ ಒಟ್ಟಿಗೆ ನಕ್ಕದ್ದು ಅದೊಂದೇ ಸಲ.

ಸ್ವಲ್ಪದರಲ್ಲಿ ಮತ ಗೇಟು ತೆರೆಯುವುದರ ಪರವಾಗಿ ಬಂತು. ಮೇಡಂ ಹಾಕಿದ ಷರತ್ತುಗಳೂ ಒಪ್ಪಿಗೆಯಾದವು: ದಾಟುವವರೆಲ್ಲ ಮಾಸ್ಕ್ ಹಾಕಬೇಕು, ನಿಂತು ಮಾತನಾಡಬಾರದು, ವಠಾರದ ಬಯಲಿನಲ್ಲಿ ಲಸಿಕೆಯ ಶಿಬಿರ ಏರ್ಪಡಿಸಬೇಕು. ಅಧ್ಯಕ್ಷರೇ ಬಂದು ಬೀಗ ತೆಗೆದರು. ಮಾರನೇ ವಾರವೇ ಆ ಮೇಸ್ತ್ರಿಗೆ ಉಬ್ಬಸ ಕೆರಳಿತು. ನಾಲ್ವರು ಅವನನ್ನು ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂರಿಸಿಕೊಂಡು ನಮ್ಮ ಬೀದಿಯಲ್ಲೇ ಓಡಿದರು. ಅವನು ಬದುಕಿದ.

ಶಿಬಿರದ ದಿನಗಳಲ್ಲಿ ಮೇಡಂ ವಠಾರದ ಬಯಲಿನಲ್ಲಿ ಮೇಜು ಹಾಕಿಕೊಂಡು ಹೆಸರು ಬರೆಸಿಕೊಳ್ಳಲು ಕೂತರು. ಮನೆಯಲ್ಲಿರಿ ಎಂದು ಗದರಿದೆ. "ನೀವು ಹಾಜರಿಗೆ ಬೇರೆಯೋರನ್ನ ಕಳಿಸ್ತಿದ್ರಾ?" ಎಂದರು. ಅವರಿಗೆ ಆಗಿದ್ದು ಒಂದೇ ಡೋಸು. ಒಂದು ಬೆಳಿಗ್ಗೆ ಅವರು ಹಾಲಿಗೆ ಹೊರಡಲಿಲ್ಲ. ಸಂಜೆಯ ಹೊತ್ತಿಗೆ ಆಸ್ಪತ್ರೆ ಸೇರಿದರು.

ಅಲ್ಲಿಂದ ಒಮ್ಮೆ ಫೋನ್ ಮಾಡಿದರು. ಆಮ್ಲಜನಕದ ಬುಳುಬುಳು ಸದ್ದಿನ ನಡುವೆ ಒಂದೊಂದೇ ಮಾತು.

"ವಾರ್ಡನ್ನಮ್ಮ, ನಾನು ಹೋದ್ರೆ ಗೇಟು ತೆಗೆಸಿದ್ದಕ್ಕೇ ಹೋದ್ಲು ಅಂತಾರೆ. ಬದುಕಿ ಬಂದ್ರೆ ನೋಡಿ ಏನೂ ಆಗ್ಲಿಲ್ಲ ಅಂತಾರೆ. ಎರಡನ್ನೂ ಹೇಳೋಕೆ ಬಿಡಬೇಡಿ. ಒಬ್ಬಳಿಂದ ಏನೂ ಗೊತ್ತಾಗಲ್ಲ. ನನ್ನನ್ನ ಉದಾಹರಣೆ ಮಾಡ್ಬೇಡಿ."

ನಾನು ಅಳುತ್ತಿದ್ದೆ. "ಅಳೋದಕ್ಕೆ ಆಮೇಲೆ ಟೈಮ್ ಇಟ್ಕೊಳ್ಳಿ" ಎಂದರು. ಎಲ್ಲಕ್ಕೂ ಹೊತ್ತು ಗೊತ್ತುಮಾಡುವ ನನ್ನನ್ನು ಬಲ್ಲವರು ಅವರು. ಮತ್ತೆ ಫೋನ್ ಬರಲಿಲ್ಲ. ಅವರನ್ನು ಸುಟ್ಟದ್ದು ನಗರದ ಇನ್ನೊಂದು ಮೂಲೆಯ ಚಿತಾಗಾರದಲ್ಲಿ, ಆಸ್ಪತ್ರೆಗೆ ಅದೇ ಹತ್ತಿರವಿತ್ತು. ಅವರ ತಂಗಿಯೊಬ್ಬರನ್ನು ಮಾತ್ರ ಒಳಗೆ ಬಿಟ್ಟರಂತೆ. ಅವರು ಯಾವ ಊರಿನ ಸಂಖ್ಯೆಗೆ ಸೇರಿದರೋ ನನಗೆ ತಿಳಿಯದು.

ಅವರು ತೀರಿಕೊಂಡ ವಾರದಲ್ಲೇ ಅಧ್ಯಕ್ಷರು ಮತ್ತೆ ಸಭೆ ಕರೆದರು. ವಿಷಯ: ಗೇಟು. ಚೌಕಗಳು ಒಂದೊಂದಾಗಿ ಮೂಡಿದವು. ಅಧ್ಯಕ್ಷರು ಗಂಟಲು ಸರಿಮಾಡಿಕೊಂಡು, "ನಮ್ಮ ಮೇಡಂ ಎಷ್ಟು ದೊಡ್ಡ ಮನಸ್ಸಿನೋರು ಅಂತ ಎಲ್ಲರಿಗೂ ಗೊತ್ತು. ಆದ್ರೆ ಗೇಟು ತೆಗೆಸಿದ್ರು, ಅದಕ್ಕೆ ಪ್ರಾಣಾನೇ ಕೊಟ್ರು. ಇನ್ನಾದ್ರೂ ನಾವು..." ಎನ್ನುವಷ್ಟರಲ್ಲಿ ಪರದೆಯಲ್ಲಿ ಇನ್ನೊಂದು ಚೌಕ ತೆರೆಯಿತು. ತಾರಸಿ. ನಗು. ಕೆಳಗೆ ಮೇಡಂ ಹೆಸರು.

ಚೌಕದ ಅಂಚು ಬೆಳಗಿತು, ಅಲ್ಲಿ ಯಾರೋ ಮಾತನಾಡಲು ಹೊರಟಾಗ ಬೆಳಗುವಂತೆ. ಒಂದು ಸಣ್ಣ ಕೆಮ್ಮು ಕೇಳಿತು.

"ಯಾ... ಯಾರ್ರೀ ಅದು?" ಎಂದರು ಅಧ್ಯಕ್ಷರು. ಹೆದರಿಕೆಗಿಂತ ಹೆಚ್ಚಾಗಿ ನನ್ನಲ್ಲಿ ಆಸೆ ಹುಟ್ಟಿತ್ತು ಎಂಬುದನ್ನು ಹೇಳಲೇಬೇಕು.

"ನಾನು ಅವಳ ತಂಗಿ" ಎಂದಿತು ಆ ದನಿ. ಅಕ್ಕನ ದನಿಯೇ, ಸ್ವಲ್ಪ ಎಳೆಯದು. "ಅಕ್ಕನ ಫೋನ್ ನನ್ನ ಹತ್ರ ಇದೆ. ಸಭೆ ಅಂತ ಬಂತು, ಒತ್ತಿದೆ. ಹೇಗೆ ಆಫ್ ಮಾಡೋದು ಗೊತ್ತಾಗ್ತಿಲ್ಲ."

ಅಧ್ಯಕ್ಷರು ಸಾವರಿಸಿಕೊಂಡರು. "ಇರ್ಲಿ ಅಮ್ಮ, ಇರಿ. ನೀವೇ ಹೇಳಿ. ನಿಮ್ಮಕ್ಕ ಹೋಗಿದ್ದು ಆ ಗೇಟಿಂದಾನೇ ಅಲ್ವಾ?"

ಆಗ ನಾನು ಬಾಯಿ ತೆರೆದೆ. ಆಸ್ಪತ್ರೆಯಿಂದ ಮೇಡಂ ಹೇಳಿದ್ದನ್ನು ಒಂದಕ್ಷರ ಸೇರಿಸದೆ, ಬಿಡದೆ, ಹಾಜರಿ ಕೂಗುವ ದನಿಯಲ್ಲೇ ಹೇಳಿದೆ. ಮುಗಿಸಿದ ಮೇಲೆ ಆ ಚೌಕ ಮತ್ತೆ ಬೆಳಗಿತು.

"ನನಗೂ ಇದನ್ನೇ ಹೇಳಿದ್ಲು" ಎಂದರು ತಂಗಿ. "ನಂಗೆ ಯಾರನ್ನಾದ್ರೂ ಬೈಬೇಕು ಅನ್ನಿಸ್ತಿದೆ ಸಾರ್. ನಿಮ್ಮ ಗೇಟನ್ನೇ ಬೈಯೋಣ ಅಂತಾನೇ ಒತ್ತಿದ್ದು ನಾನು. ಆದ್ರೆ ಅವಳು ಬೇಡ ಅಂದಿದ್ದಾಳೆ."

ಅಧ್ಯಕ್ಷರು ಹಿಂದಕ್ಕೆ ತಿರುಗಿ ನೋಡಿದರು. ಅವರ ಹಿಂದಿನ ಕೋಣೆಯಲ್ಲಿ ಅವರ ಹೆಂಡತಿ ಮಂಚದ ಮೇಲೆ ಕೂತಿರುವುದು ಕಾಣುತ್ತಿತ್ತು. ಕೊನೆಗೆ, "ಸರಿ. ಗೇಟು ಹಾಗೇ ಇರ್ಲಿ. ಮಾಸ್ಕ್ ವಿಷಯದಲ್ಲಿ ಮಾತ್ರ ನಾನು ಯಾರನ್ನೂ ಬಿಡಲ್ಲ" ಎಂದರು. ಮತಕ್ಕೆ ಹಾಕಲಿಲ್ಲ.

ಕೆಲವು ದಿನಗಳ ಮೇಲೆ ನಾನು ನಮ್ಮ ಮನೆಯ ಗೇಟಿನ ಮುಂದೆ ನೀರು ಹಾಕುತ್ತಿದ್ದಾಗ ಮೇಸ್ತ್ರಿಯ ಹೆಂಡತಿ ಬಂದು ದೂರದಲ್ಲಿ ನಿಂತಳು. ಮೂಗಿನವರೆಗೆ ಸೆರಗು ಬಿಗಿದಿದ್ದಳು. ಎದುರು ಮನೆಯ ಮುಚ್ಚಿದ ಕಿಟಕಿಯನ್ನು ನೋಡಿದಳು.

"ಅವ್ವಾರ, ಒಂದು ಮಾತ್ ಕೇಳ್ಲೇನ್ರಿ? ಸುಳ್ಳ್ ಹೇಳಬ್ಯಾಡ್ರಿ. ಮೇಡಮ್ಮೋರು ನಮ್ಮಿಂದಾನೇ ಹೋದ್ರೇನ್ರಿ?"

ಇಲ್ಲ ಕಣಮ್ಮ ಎನ್ನುವ ಮಾತು ನಾಲಿಗೆಯ ತುದಿಗೆ ಬಂದಿತ್ತು. ಅದನ್ನು ಹೇಳಿದ್ದರೆ ಅವಳಿಗೂ ನನಗೂ ಆ ದಿನ ಸುಲಭವಾಗುತ್ತಿತ್ತು. ವಾರ್ಡನ್ ಆಗಿದ್ದ ಅಷ್ಟೂ ವರ್ಷ ಯಾವ ಪ್ರಶ್ನೆಗೂ ನಾನು ಉತ್ತರವಿಲ್ಲದೆ ನಿಂತವಳಲ್ಲ. ಹುಡುಗಿಯರು ಕೇಳಿದ್ದಕ್ಕೆಲ್ಲ ನನ್ನಲ್ಲಿ ಒಂದು ನಿಯಮ ಇರುತ್ತಿತ್ತು.

"ಗೊತ್ತಿಲ್ಲಮ್ಮ" ಎಂದೆ. "ಯಾರಿಗೂ ಗೊತ್ತಾಗಲ್ಲ. ಅವರಿಗೂ ಗೊತ್ತಿರ್ಲಿಲ್ಲ."

ಅವಳು ನನ್ನ ಮುಖವನ್ನೇ ನೋಡಿದಳು. ಆಮೇಲೆ ತಲೆಯಾಡಿಸಿ, ಸೆರಗನ್ನು ಇನ್ನಷ್ಟು ಬಿಗಿಮಾಡಿಕೊಂಡು, ನಮ್ಮ ಬೀದಿಯಲ್ಲೇ ಹಾದು ಕೆಲಸಕ್ಕೆ ಹೋದಳು.